ಐದು ಗಂಟೆಯ ಊರು: ಮಳೆಕಾಡಿನ ನದಿ ಹಳ್ಳಿಗೆ ಯಾವ ದೋಣಿ ಹತ್ತುವುದು?

ಪಣಂಬೂರು ಬಂದರಿಗೆ ಕ್ರೂಸ್ ಹಡಗು ಬರುವ ದಿನ ನನಗೆ ನಾಲ್ಕೂವರೆಗೇ ಎಚ್ಚರ. ಏಳು ಗಂಟೆಗೆಲ್ಲ ಹಡಗು ಬಂದು ಕಟ್ಟಿರುತ್ತದೆ. ಚೆಂಡೆ ಬಡಿಯುತ್ತಾರೆ. ಯಕ್ಷಗಾನದ ವೇಷ ಹಾಕಿದ ಇಬ್ಬರು ಬಿಸಿಲಲ್ಲಿ ನಿಂತಿರುತ್ತಾರೆ, ಬೆವರಿಗೆ ಬಣ್ಣ ಕಿವಿಯ ಹತ್ತಿರ ಇಳಿಯುತ್ತಿರುತ್ತದೆ. ಹಡಗಿನಿಂದ ಇಳಿದವರು ಅವರ ನಡುವೆ ನಿಂತು ಫೋಟೊ ತೆಗೆಸಿಕೊಂಡು ನಮ್ಮ ವ್ಯಾನ್ ಹತ್ತುತ್ತಾರೆ. ಕುದ್ರೋಳಿ, ಕದ್ರಿ ದೇವಸ್ಥಾನ, ಅಲೋಶಿಯಸ್ ಚಾಪೆಲ್, ಒಂದು ಗೇರುಬೀಜದ ಫ್ಯಾಕ್ಟರಿ. ಹೊತ್ತು ಉಳಿದರೆ ಪಿಲಿಕುಳದ ಗುತ್ತಿನ ಮನೆ, ಅಂದರೆ ಹಳೆ ಕಾಲದ ದೊಡ್ಡ ಮನೆತನದ ಮನೆ. ಸಂಜೆ ನಾಲ್ಕಕ್ಕೆ ವಾಪಸ್. ಅಲ್ಲಿಗೆ ಅವರ ಲೆಕ್ಕದಲ್ಲಿ ಮಂಗಳೂರು ಆಯಿತು.

ಈ ವ್ಯಾನ್ ಓಡಿಸುವ ಮುಂಚೆ ಒಂಬತ್ತು ವರ್ಷ ನಾನೇ ಅಂಥ ಹಡಗಿನ ಒಳಗೆ ರೂಮಿನ ಕೆಲಸಕ್ಕೆ ಇದ್ದೆ. ಎರಡು ಸಲ ನಮ್ಮ ಹಡಗು ಬ್ರೆಜಿಲ್ ದೇಶದ ಅಮೆಜಾನ್ ನದಿಯಲ್ಲಿ ಮನೌಸ್ ಪಟ್ಟಣದ ತನಕ ಹೋಯಿತು. ಹಾಗಾಗಿ ಯಾರಿಗಾದರೂ ಅಮೆಜಾನ್ ಹುಚ್ಚು ಹಿಡಿದರೆ ಸೀದಾ ನಮ್ಮ ಮನೆಗೆ ಬರುತ್ತಾರೆ. ಈ ಸಲ ಬಂದದ್ದು ಪಕ್ಕದ ಮನೆಯ ಬ್ಯಾಂಕ್ ಮಾಮ. ರಿಟೈರ್ ಆಗಿ ಏಳು ವರ್ಷ. ಕೈಯಲ್ಲಿ ಹೊಳೆಯುವ ಒಂದು ಪುಸ್ತಿಕೆ, ಅದರ ಮೇಲೆ ತಲೆಗೆ ಗರಿ ಕಟ್ಟಿದ ಒಬ್ಬ ಹುಡುಗ.

"ಇದು ಹೋಗಬಹುದಾ ಮಾರಾಯ? ಕಾಡಿನ ಹಳ್ಳಿಗೆ ಕರ್ಕೊಂಡು ಹೋಗ್ತಾರಂತೆ."

"ಎಷ್ಟು ಹೊತ್ತು ಬಿಡ್ತಾರೆ ಅಂತ ಬರೆದಿದ್ದಾರಾ ಮಾಮ?"

ಹುಡುಕಿದರು. ಹದಿನೆಂಟು ದಿನದ ಪ್ರವಾಸ. ಹಳ್ಳಿಗೆ ಐದು ಗಂಟೆ.

ನಾನು ಪ್ರವಾಸ ಅಳೆಯುವುದೇ ಹೀಗೆ. ಊರಿನ ನೆಲದ ಮೇಲೆ ಎಷ್ಟು ಗಂಟೆ? ರಾತ್ರಿ ಅಲ್ಲಿ ಮಲಗುವುದು ಉಂಟಾ? ನನ್ನ ಜೊತೆ ಇನ್ನೆಷ್ಟು ಜನ ಇಳಿಯುತ್ತಾರೆ? ಈ ಮೂರು ಗೊತ್ತಾದರೆ ಪುಸ್ತಿಕೆಯ ಉಳಿದ ಮಾತೆಲ್ಲ ಆಮೇಲೆ ಓದಿದರೂ ನಡೆಯುತ್ತದೆ. ಮಾಮನಿಗೆ ಆ ದಿನ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ. ಇದರಲ್ಲಿ ಎರಡು ದಾರಿ ನಾನೇ ಕಂಡದ್ದು. ಉಳಿದದ್ದು ಹಡಗಿನ ಜೊತೆಗಾರರಿಂದ ಕೇಳಿದ್ದು, ಆಮೇಲೆ ಓದಿ ತಿಳಿದುಕೊಂಡದ್ದು.

ದೊಡ್ಡ ಹಡಗು

ಅಮೆಜಾನ್ ನದಿ ಎಷ್ಟು ದೊಡ್ಡದು ಅಂದರೆ ಸಮುದ್ರದ ಹಡಗು ಸುಮ್ನೆ ಹಾಗೇ ಒಳಗೆ ಹೋಗುತ್ತದೆ. ಸಮುದ್ರದಿಂದ ಮನೌಸ್‌ಗೆ ಹತ್ತಿರ ಹತ್ತಿರ 1,500 ಕಿಲೋಮೀಟರ್. ಮಂಗಳೂರಿನಿಂದ ಮುಂಬೈಗೆ ಹೋಗಿ, ವಾಪಸ್ ಗೋವಾದ ತನಕ ಬಂದಷ್ಟು ದೂರ, ಬರೀ ನದಿಯಲ್ಲಿ. ನದಿಯ ಬಾಯಲ್ಲಿ ಭೂಮಧ್ಯರೇಖೆಯ ಮೇಲೆಯೇ ಇರುವ ಮಕಾಪಾ ಊರಿನ ಹತ್ತಿರ ಹಡಗಿಗೆ ನದಿಯ ದಾರಿ ತೋರಿಸುವ ಬ್ರೆಜಿಲ್‌ನ ಪೈಲಟ್‌ಗಳು ಹತ್ತುತ್ತಾರೆ. ಅಲ್ಲಿಂದ ಮುಂದೆ ನೀರು ಪೂರ್ತಿ ಹಾಲು ಹಾಕಿದ ಚಹಾದ ಬಣ್ಣ.

ಮೊದಲ ದಿನ ಎಲ್ಲರೂ ದುರ್ಬೀನು ಹಿಡಿದು ಡೆಕ್ ಮೇಲೆ. ಎರಡನೆಯ ದಿನ ಅರ್ಧ ಜನ. ಮೂರನೆಯ ದಿನ ಇಸ್ಪೀಟು. ಯಾಕೆಂದರೆ ನದಿ ಅಷ್ಟು ಅಗಲ. ಹಡಗು ನಡುವಿನ ಆಳದಲ್ಲಿ ಹೋಗಬೇಕು, ಕಾಡು ಎರಡೂ ಕಡೆ ಒಂದು ಹಸಿರು ಗೆರೆಯಂತೆ ಕಾಣುತ್ತದೆ. ಮಂಗ, ಗಿಳಿ ಎಲ್ಲ ಆ ಗೆರೆಯ ಒಳಗೆ. ರಾತ್ರಿ ಡೆಕ್ಕಿನ ದೀಪ ಆರಿಸಿಬಿಡುತ್ತಿದ್ದರು, ಹುಳ ಬರುತ್ತದೆ ಅಂತ. ಆದರೂ ಬೆಳಿಗ್ಗೆ ಗುಡಿಸಿದರೆ ಮೊರದಷ್ಟು ಹುಳ. ಅದರಲ್ಲಿ ಅಂಗೈ ಅಗಲದ ಒಂದು ಜೀರುಂಡೆಯನ್ನು ನಾನು ಬಿಸ್ಕತ್ತಿನ ಡಬ್ಬಿಯಲ್ಲಿ ಎರಡು ದಿನ ಇಟ್ಟುಕೊಂಡಿದ್ದೆ. ಹಡಗಿನ ಮೇಲೆ ಇದ್ದಷ್ಟು ಹೊತ್ತು ನಾನು ಹತ್ತಿರದಿಂದ ನೋಡಿದ ಕಾಡುಪ್ರಾಣಿ ಬಹುಶಃ ಅದೊಂದೇ.

ಈ ಹಡಗುಗಳು ನಿಲ್ಲುವ ಹಳ್ಳಿಗಳಲ್ಲಿ ಜಾಸ್ತಿ ಹೆಸರು ಕೇಳುವುದು ಬೋಕಾ ದ ವಲೇರಿಯಾ. ಸಾಂತರೇಂ ಮತ್ತು ಮನೌಸ್ ನಡುವೆ, ಪರಿಂಟಿನ್ಸ್ ಹತ್ತಿರ. ಬೋಕಾ ಅಂದರೆ ಬಾಯಿ. ವಲೇರಿಯಾ ಎಂಬ ಸಣ್ಣ ಹೊಳೆ ಅಮೆಜಾನ್‌ಗೆ ಸೇರುವ ಬಾಯಿ. ನಮ್ಮಲ್ಲಿ ನದಿ ಸಮುದ್ರಕ್ಕೆ ಸೇರುವ ಬೆಂಗ್ರೆಯ ತುದಿಗೆ ಅಳಿವೆಬಾಗಿಲು ಅನ್ನುವುದಿಲ್ಲವೇ, ಹಾಗೆ. ನಮ್ಮದು ಬಾಗಿಲು, ಅವರದು ಬಾಯಿ. ಊರಲ್ಲಿ ಇರುವುದು ನೂರರ ಆಸುಪಾಸು ಜನ. ನಮ್ಮ ಹಡಗಿನಲ್ಲಿ ಪ್ರಯಾಣಿಕರೇ ಏಳುನೂರು.

ಅಲ್ಲಿ ದಕ್ಕೆ ಇಲ್ಲ. ಹಡಗು ನಡುನೀರಲ್ಲಿ ಲಂಗರು ಹಾಕುತ್ತದೆ, ಅದರದ್ದೇ ದೋಣಿಗಳಲ್ಲಿ ಜನರನ್ನು ದಡಕ್ಕೆ ಸಾಗಿಸುತ್ತಾರೆ. ನನಗೆ ಎರಡು ಗಂಟೆ ರಜೆ ಸಿಕ್ಕಿತ್ತು. ಇಳಿದ ಕೂಡಲೇ ಕಂಡದ್ದು ಮಕ್ಕಳ ಸಾಲು. ತಲೆಗೆ ಗರಿ, ಕೆನ್ನೆಗೆ ಬಣ್ಣ. ಒಬ್ಬಳ ತೋಳಲ್ಲಿ ಸ್ಲಾತ್, ಅಂದರೆ ಮರಕ್ಕೆ ಅಂಟಿಕೊಂಡೇ ಇರುವ ಆ ನಿಧಾನದ ಪ್ರಾಣಿ. ಇನ್ನೊಬ್ಬನ ಹೆಗಲ ಮೇಲೆ ಗಿಳಿ. ಫೋಟೊಗೆ ಒಂದು ಡಾಲರ್. ಹಡಗು ಬರುವ ದಿನ ಅಕ್ಕಪಕ್ಕದ ಊರುಗಳಿಂದಲೂ ದೋಣಿ ಮಾಡಿಕೊಂಡು ಬಂದು ಸಾಮಾನು ಹರಡುತ್ತಾರೆ. ಮರದ ಮೀನು, ಬೀಜದ ಸರ, ಒಣಗಿಸಿದ ಪಿರಾನ್ಯ, ಆ ಚೂಪು ಹಲ್ಲಿನ ಮೀನು.

ನನ್ನ ಪಕ್ಕದಲ್ಲಿದ್ದ ಒಬ್ಬ ಪ್ರಯಾಣಿಕ "ಎಲ್ಲ ನಾಟಕ" ಅಂತ ಮುಖ ಸಿಂಡರಿಸಿದ. ನನಗೆ ಹಾಗೆ ಅನ್ನಿಸಲಿಲ್ಲ. ಪಣಂಬೂರಿನಲ್ಲಿ ನಮ್ಮವರು ಕಿರೀಟ ಕಟ್ಟಿ ನಿಲ್ಲುವುದು ಏನು ಮತ್ತೆ? ಬಂದವರಿಗೆ ಒಂದು ಬಣ್ಣ ತೋರಿಸುವುದು, ಕೈಗೆ ನಾಲ್ಕು ಕಾಸು ಬರುವುದು. ಅದು ಅವರ ಅರ್ಧ ದಿನದ ಕೆಲಸ. ಪ್ರಾಣಿಯ ವಿಷಯ ಮಾತ್ರ ಬೇರೆ. ಕಾಡುಪ್ರಾಣಿಯನ್ನು ಪರವಾನಗಿ ಇಲ್ಲದೆ ಇಟ್ಟುಕೊಳ್ಳುವುದು ಬ್ರೆಜಿಲ್‌ನಲ್ಲಿ ಅಪರಾಧ, 1998ರ ಪರಿಸರ ಅಪರಾಧ ಕಾನೂನಿನಲ್ಲೇ ಉಂಟು. ಆ ಸ್ಲಾತ್ ನಗುತ್ತಿರುವ ಹಾಗೆ ಕಾಣುವುದು ಅದರ ಮುಖದ ಆಕಾರದಿಂದ, ಅದಕ್ಕೆ ಖುಷಿಯಾಗಿ ಅಲ್ಲ. ಅದನ್ನು ಎತ್ತಿಕೊಂಡು ಫೋಟೊ ಬೇಡ. ಡಾಲರ್ ಕೊಡಬೇಕು ಅನಿಸಿದರೆ ಒಂದು ಮರದ ಮೀನು ಕೊಳ್ಳಿ, ಇಲ್ಲವೇ ಊರಿನವರ ಸಣ್ಣ ದೋಣಿ ಹತ್ತಿ.

ಆ ದೋಣಿಯೇ ಅಲ್ಲಿ ಮಾಡಬೇಕಾದ ಕೆಲಸ. ಏಳುನೂರು ಜನರಲ್ಲಿ ಜಾಸ್ತಿ ಮಂದಿ ಮೊದಲ ಐವತ್ತು ಮೀಟರಿನಲ್ಲೇ ಫೋಟೊ ತೆಗೆದು ತಿರುಗುತ್ತಾರೆ. ನಾವು ಮೂವರು ಒಬ್ಬ ಅಜ್ಜನ ದೋಣಿ ಹತ್ತಿ ಹೊಳೆಯ ಒಳಗೆ ಹೋದೆವು. ಹತ್ತು ನಿಮಿಷಕ್ಕೆ ಹಡಗಿನ ಸದ್ದು ನಿಂತುಹೋಯಿತು. ಕಂಬದ ಮೇಲೆ ನಿಂತ ಮನೆಗಳು, ಕಂಬಗಳ ಮೇಲೆ ನನ್ನ ತಲೆಗಿಂತ ಎತ್ತರದಲ್ಲಿ ಕೆಸರಿನ ಗೆರೆ. ಕಳೆದ ನೆರೆಯ ಗುರುತು. ಒಂದು ಮನೆಯ ಹಿಂದೆ ಗೇರು ಮರ! ನೋಡಿ ನಾನು ಕೂಗಿಯೇಬಿಟ್ಟೆ. ಅಜ್ಜ "ಕಾಜು" ಅಂದ. ಗೇರು ಹುಟ್ಟಿದ್ದೇ ಬ್ರೆಜಿಲ್‌ನಲ್ಲಿ, ನಮ್ಮ ಕರಾವಳಿಗೆ ತಂದವರು ಪೋರ್ಚುಗೀಸರು. ಈಗ ನಾನು ಹಡಗಿನವರನ್ನು ಗೇರುಬೀಜದ ಫ್ಯಾಕ್ಟರಿಗೆ ಕರೆದುಕೊಂಡು ಹೋದಾಗಲೆಲ್ಲ ಆ ಮರ ನೆನಪಾಗುತ್ತದೆ.

ಭಾಷೆಯ ಹೆದರಿಕೆ ಬೇಡ. ಅವರದ್ದು ಪೋರ್ಚುಗೀಸ್. ಮೇಜು, ಚಾವಿ, ಜನೆಲು, ಬಾಲ್ದಿ, ಸಾಬೂನು ಎಲ್ಲ ಅವರ ಭಾಷೆಯ ಮಾತಿಗೆ ಹತ್ತಿರವೇ. ಅಜ್ಜನ ಎದುರು ಈ ಐದೂ ಹೇಳಿ ತೋರಿಸಿದೆ. ಅವನು ನಕ್ಕದ್ದು ನೋಡಬೇಕಿತ್ತು. ಬರೀ ಅನಾನಸು ಕೈಕೊಟ್ಟಿತು. ಬ್ರೆಜಿಲ್‌ನಲ್ಲಿ ಅದಕ್ಕೆ ಅಬಕಶಿ ಅನ್ನುತ್ತಾರೆ.

ಇಷ್ಟೆಲ್ಲ ಹೇಳಿದ ಮೇಲೆಯೂ ದೊಡ್ಡ ಹಡಗನ್ನು ನಾನು ಬೇಡ ಅನ್ನುವುದಿಲ್ಲ. ಮಂಡಿ ನೋವಿದ್ದವರಿಗೆ, ಸಕ್ಕರೆ ಕಾಯಿಲೆ ಇದ್ದವರಿಗೆ ಅದರಷ್ಟು ಅನುಕೂಲ ಬೇರೆಯದಿಲ್ಲ. ಡಾಕ್ಟರ್ ಒಳಗೇ ಇರುತ್ತಾರೆ. ಪೆಟ್ಟಿಗೆ ಒಂದು ಸಲ ಬಿಚ್ಚಿದರೆ ಆಯಿತು. ದಾರಿಯಲ್ಲಿ ಮನೌಸ್ ಸಿಗುತ್ತದೆ. ರಬ್ಬರ್ ದುಡ್ಡಿನಲ್ಲಿ ಕಾಡಿನ ನಡುವೆ ಕಟ್ಟಿದ ಅಲ್ಲಿನ ಒಪೆರಾ ಮಂದಿರ 1896ರದ್ದು. ಊರಿನ ಹತ್ತಿರ ಕಪ್ಪು ನೀರಿನ ನೆಗ್ರೊ ನದಿಯೂ ಕೆಸರು ನೀರಿನ ಸೊಲಿಮೊಯಿಸ್ ನದಿಯೂ ಸೇರುತ್ತವೆ. ಬಿಸಿ, ವೇಗ, ಸಾಂದ್ರತೆ ಮೂರೂ ಬೇರೆಯಾದ್ದರಿಂದ ಸುಮಾರು ಆರು ಕಿಲೋಮೀಟರ್ ಬೆರೆಯದೆ ಪಕ್ಕಪಕ್ಕ ಹರಿಯುತ್ತವೆ. ಅದು ಮೇಲಿನ ಡೆಕ್ಕಿನಿಂದಲೇ ಚೆನ್ನಾಗಿ ಕಾಣುವುದು. ಪರಿಂಟಿನ್ಸ್‌ನಲ್ಲಿ ಜೂನ್ ಕೊನೆಯ ವಾರ ಎತ್ತಿನ ಕಥೆಯ ದೊಡ್ಡ ಉತ್ಸವ. ಕೆಂಪಿನ ತಂಡ, ನೀಲಿಯ ತಂಡ. ಯಕ್ಷಗಾನದಲ್ಲಿ ತೆಂಕು ಬಡಗು ಅಂತ ನಾವು ಜಗಳ ಆಡುವುದು ಅದರ ಮುಂದೆ ಏನೇನೂ ಅಲ್ಲ. ಅಲ್ಲಿ ನೀಲಿ ತಂಡದವರಿಗಾಗಿ ಕೋಕಾ-ಕೋಲಾದವರೂ ತಮ್ಮ ಕೆಂಪು ಬಿಟ್ಟು ನೀಲಿ ಬೋರ್ಡ್ ಹಾಕಬೇಕಾಗಿ ಬಂದಿದೆ.

ಆದರೆ ಒಂದು ತಿಳಿದಿರಲಿ. ಗಾಳಿ ಎದ್ದರೆ, ನೀರು ಇಳಿದರೆ, ಹಡಗು ತಡವಾದರೆ ಮೊದಲು ಬಿಟ್ಟುಬಿಡುವುದು ಈ ಸಣ್ಣ ಹಳ್ಳಿಯನ್ನೇ. ನನ್ನ ಎರಡನೆಯ ಪ್ರಯಾಣದಲ್ಲಿ ಹಾಗೇ ಆಯಿತು. ದೋಣಿ ಇಳಿಸಲು ಆಗುವುದಿಲ್ಲ ಅಂತ ಮೈಕಿನಲ್ಲಿ ಹೇಳಿದರು. ದೂರದ ದಡದಲ್ಲಿ ಬಣ್ಣ ಬಳಿದುಕೊಂಡ ಮಕ್ಕಳು ಚುಕ್ಕಿಯ ಹಾಗೆ ಕಾಣುತ್ತಿದ್ದರು.

ಸಣ್ಣ ಹಡಗು

ಪೆರು ದೇಶದ ಇಕಿಟೋಸ್ ಕಡೆಯಿಂದ ಹೊರಡುವಂಥವು. ಇಕಿಟೋಸ್ ನಾಲ್ಕು ಲಕ್ಷ ದಾಟಿದ ಜನರ ಪಟ್ಟಣ, ಆದರೆ ದೇಶದ ಉಳಿದ ಕಡೆಯಿಂದ ಅಲ್ಲಿಗೆ ರಸ್ತೆ ಇಲ್ಲ. ವಿಮಾನ ಇಲ್ಲವೇ ದೋಣಿ. ರಸ್ತೆ ಇರುವುದು ನೌಟಾ ಎಂಬ ಊರಿಗೆ ಮಾತ್ರ. ಅಲ್ಲೇ ಹತ್ತಿರ ಮರಾನ್ಯೋನ್, ಉಕಯಾಲಿ ನದಿಗಳು ಕೂಡಿ ಅಮೆಜಾನ್ ಆಗುವುದು. ಇಪ್ಪತ್ತು, ಮೂವತ್ತು, ನಲವತ್ತು ಜನರ ಹಡಗು, ಮೂರರಿಂದ ಏಳು ರಾತ್ರಿ. ಇಪ್ಪತ್ತು ಸಾವಿರ ಚದರ ಕಿಲೋಮೀಟರಿನ ಪಕಾಯಾ-ಸಮಿರಿಯಾ ರಕ್ಷಿತ ಕಾಡಿನೊಳಗೆ ದಿನಕ್ಕೆ ಎರಡು ಸಲ ಮೋಟಾರು ದೋಣಿಯಲ್ಲಿ ಕರೆದೊಯ್ಯುತ್ತಾರೆ.

ಕಾಡು ನೋಡುವುದೇ ಆಸೆಯಾದರೆ ಇದೇ ಒಳ್ಳೆಯದು. ಗುಲಾಬಿ ಬಣ್ಣದ ಡಾಲ್ಫಿನ್ ಇಲ್ಲಿ ಹತ್ತಿರ ಬರುತ್ತದೆ. ಹಳ್ಳಿಗೂ ಹೋಗುತ್ತಾರೆ, ಒಂದೆರಡು ಗಂಟೆ, ಹತ್ತಿಪ್ಪತ್ತು ಜನ. ತೊಂದರೆ ಒಂದೇ, ರೇಟು. ಚೆಂದದ ಹಡಗಾದರೆ ಒಬ್ಬರಿಗೆ ಒಂದು ರಾತ್ರಿಗೆ ಐನೂರು ಡಾಲರ್ ದಾಟುತ್ತದೆ, ಅದರ ಮೇಲೆ ಎಷ್ಟು ಬೇಕಾದರೂ ಹೋಗಬಹುದು. ಅದೂ ವಿಮಾನದ ಖರ್ಚು ಬಿಟ್ಟು. ಮಾಮ ಇಲ್ಲಿ ಒಂದು ಸಲ ಕನ್ನಡಕ ತೆಗೆದು ಒರೆಸಿಕೊಂಡರು.

ಜೋಲಿ ಕಟ್ಟುವ ದೋಣಿ

ಇದು ಅಲ್ಲಿನವರ ಬಸ್. ಮನೌಸ್‌ನಿಂದ ಪರಿಂಟಿನ್ಸ್, ಸಾಂತರೇಂ, ಬೆಲೇಂ ಅಂತ ಓಡಾಡುವ ಎರಡು ಮೂರು ಅಂತಸ್ತಿನ ದೋಣಿಗಳು. ಸೀಟು ಇಲ್ಲ. ಮಾರ್ಕೆಟಿನಲ್ಲಿ ಬಟ್ಟೆಯ ಜೋಲಿ ಕೊಂಡು, ಹಗ್ಗ ತಂದು, ಮಾಡಿನ ಕೆಳಗಿನ ಕೊಂಡಿಗೆ ನೀವೇ ಕಟ್ಟಿಕೊಂಡು ಮಲಗಬೇಕು. ಮನೌಸ್‌ನಲ್ಲಿ ಕಟ್ಟಿ ನಿಂತಿದ್ದ ಒಂದಕ್ಕೆ ಸುಮ್ನೆ ಹತ್ತಿ ನೋಡಿದ್ದೆ. ನೂರಾರು ಜೋಲಿ, ಕೆಂಪು ಹಳದಿ ನೀಲಿ, ಒಂದರ ಪಕ್ಕ ಒಂದು, ಒಂದರ ಕೆಳಗೆ ಇನ್ನೊಂದು. ಒಬ್ಬರು ಮಗ್ಗುಲಾದರೆ ಸಾಲಿಗೆ ಸಾಲೇ ತೂಗುತ್ತದೆ. ಕೆಳಗೆ ಈರುಳ್ಳಿ ಮೂಟೆ, ಮೋಟಾರ್ ಬೈಕು, ಫ್ರಿಜ್ಜು.

ನಮ್ಮ ಹಡಗಿನಲ್ಲಿ ಬ್ರೆಜಿಲ್‌ನ ಒಬ್ಬ ಹುಡುಗ ಇದ್ದ, ಅಡುಗೆಮನೆಯಲ್ಲಿ. ಅವನು ಒಂದು ಗುಟ್ಟು ಹೇಳಿಕೊಟ್ಟ. ನದಿಯ ಜೊತೆ ಕೆಳಗೆ ಹೋಗುವ ದೋಣಿ ಸೆಳೆತ ಸಿಗಲಿ ಅಂತ ನಡುವಿನಲ್ಲಿ ಹೋಗುತ್ತದೆ, ಬೇಗ ಮುಟ್ಟುತ್ತದೆ, ಏನೂ ಕಾಣುವುದಿಲ್ಲ. ಮೇಲಕ್ಕೆ ಬರುವ ದೋಣಿ ಸೆಳೆತ ತಪ್ಪಿಸಲು ದಡಕ್ಕೆ ಅಂಟಿಕೊಂಡೇ ಬರುತ್ತದೆ. ತಡ ಆಗುತ್ತದೆ, ಆದರೆ ಮನೆ, ಅಂಗಳ, ಬಟ್ಟೆ ಒಗೆಯುವವರು, ಶಾಲೆಯ ದೋಣಿ ಎಲ್ಲ ಕಣ್ಣೆದುರಿಗೇ. ಹಾಗಾಗಿ ಬೆಲೇಂ ಕಡೆಯಿಂದ ಮನೌಸ್ ಕಡೆಗೆ ಬನ್ನಿ ಅಂತ ಅವನ ಮಾತು. ಪೂರ್ತಿ ದಾರಿಗೆ ಐದಾರು ದಿನ ಬೇಕು. ಸಾಂತರೇಂನಿಂದ ಹತ್ತಿದರೆ ಹತ್ತಿರ ಹತ್ತಿರ ಎರಡು ದಿನ.

ಊಟಕ್ಕೆ ಅನ್ನ, ಬೀನ್ಸ್, ಕೋಳಿ, ಮೇಲೆ ಉದುರಿಸಲು ಹುರಿದ ಮರಗೆಣಸಿನ ಹಿಟ್ಟು. ಬೀನ್ಸ್‌ನಲ್ಲಿ ಮಾಂಸದ ತುಂಡು ಇರುವುದು ಸಾಮಾನ್ಯ, ಸಸ್ಯಾಹಾರಿಗಳು ಬಾಳೆಹಣ್ಣು, ಬಿಸ್ಕತ್ತು ಕಟ್ಟಿಕೊಳ್ಳಲೇಬೇಕು. ಮೀನು ತಿನ್ನುವವರು ಮನೌಸ್‌ನಲ್ಲಿ ಇಳಿದ ಮೇಲೆ ತಂಬಾಕಿ ಮೀನಿನ ಪಕ್ಕೆಲುಬು ಸುಟ್ಟದ್ದನ್ನು ಕೇಳಿ ತಿನ್ನಿ. ಮೀನಿಗೆ ಪಕ್ಕೆಲುಬು ಎಂತದು ಅಂತ ನಾನೂ ಕೇಳಿದ್ದೆ. ಅಷ್ಟು ದಪ್ಪ ಮೀನು ಅದು. ಅಂಜಲ್ ಫ್ರೈ ಇಷ್ಟಪಡುವವರಿಗೆ ಅದು ಬೇರೆಯೇ ಲೋಕ.

ಖರ್ಚು ಕಡಿಮೆ, ಜನ ಜಾಸ್ತಿ, ಊರು ಹತ್ತಿರ. ಇಪ್ಪತ್ತೈದರ ಹುಡುಗರಿಗೆ ನಾನು ಕಣ್ಣುಮುಚ್ಚಿ ಇದನ್ನೇ ಹೇಳುತ್ತೇನೆ. ಪಾಸ್‌ಪೋರ್ಟ್ ಮಾತ್ರ ಹೊಟ್ಟೆಗೆ ಕಟ್ಟಿಕೊಂಡೇ ಮಲಗಬೇಕು. ಸೊಂಟ ನೋವಿನವರಿಗೆ ಬೇಡ.

ತೇಲುವ ಮನೆಯಲ್ಲಿ ಉಳಿಯುವ ದಾರಿಯೂ ಉಂಟು. ಮನೌಸ್‌ನಿಂದ ವಿಮಾನದಲ್ಲಿ ತೆಫೆ ಊರಿಗೆ, ಅಲ್ಲಿಂದ ದೋಣಿಯಲ್ಲಿ ಮಮಿರಾವ ರಕ್ಷಿತ ಪ್ರದೇಶಕ್ಕೆ. ಅಲ್ಲಿನ ಉಆಕರಿ ಲಾಡ್ಜ್ ನೀರಿನ ಮೇಲೆಯೇ ತೇಲುತ್ತದೆ, ಸುತ್ತಲಿನ ಹಳ್ಳಿಯವರೇ ಅದರಲ್ಲಿ ಕೆಲಸ ಮಾಡುತ್ತಾರೆ, ಗೈಡ್ ಆಗುತ್ತಾರೆ. ಕೆಂಪು ಮುಖದ ಉಆಕರಿ ಮಂಗ ಇರುವ ಕಾಡು. ಬ್ರೆಜಿಲ್‌ಗೇ ಹೋಗಬೇಕು, ಹಳ್ಳಿಯ ಜನರ ಜೊತೆ ಮಾತಾಡಬೇಕು ಅನ್ನುವವರಿಗೆ ನಾನು ಹಡಗಿಗಿಂತ ಮುಂಚೆ ಇದನ್ನು ಹೇಳುತ್ತೇನೆ.

ಯಾವ ತಿಂಗಳು ಅನ್ನುವುದು ಇಲ್ಲೆಲ್ಲ ದೊಡ್ಡ ಪ್ರಶ್ನೆ. ಮನೌಸ್‌ನಲ್ಲಿ ನದಿ ವರ್ಷಕ್ಕೆ ಹತ್ತು ಮೀಟರಿಗೂ ಜಾಸ್ತಿ ಏರಿ ಇಳಿಯುತ್ತದೆ. ಜೂನ್‌ನಲ್ಲಿ ತುಂಬಿರುತ್ತದೆ, ಅಕ್ಟೋಬರ್-ನವೆಂಬರ್‌ನಲ್ಲಿ ಕೆಳಗೆ. 2021ರ ಜೂನ್‌ನಲ್ಲಿ ಅಳತೆ 30 ಮೀಟರ್ ದಾಟಿತ್ತು. 2023ರ ಅಕ್ಟೋಬರ್‌ನಲ್ಲಿ 13 ಮೀಟರಿಗಿಂತ ಕೆಳಗೆ ಹೋಯಿತು, 2024ರಲ್ಲಿ ಇನ್ನೂ ಕೆಳಗೆ. ತುಂಬಿದಾಗ ದೋಣಿ ಮರದ ಕೊಂಬೆಗಳ ನಡುವೆ ಹೋಗುತ್ತದೆ, ಮಂಗ ನಿಮ್ಮ ಮುಖದ ಎತ್ತರಕ್ಕೇ. ಇಳಿದಾಗ ಮರಳು ದಂಡೆ ಏಳುತ್ತದೆ, ಕಾಡಿನಲ್ಲಿ ನಡೆಯಬಹುದು, ಮೀನು ಜಾಸ್ತಿ. ಮಂಗಳೂರಿನವರಿಗೆ ಮಳೆ ಹೊಸತಲ್ಲ, ನೀರು ತುಂಬಿದ ಹೊತ್ತಿಗೇ ಹೋಗಿ ಅನ್ನುತ್ತೇನೆ ನಾನು.

ಹತ್ತಿರದ ಕಾಡು: ಬೋರ್ನಿಯೊ

ಮಳೆಕಾಡು ಅಂದರೆ ಅಮೆಜಾನೇ ಆಗಬೇಕಾ? ಹಡಗು ಬಿಟ್ಟ ಮೇಲೆ ನಾನು, ಹೆಂಡತಿ, ಬಾವ ಮೂವರು ಬೋರ್ನಿಯೊ ದ್ವೀಪದಲ್ಲಿರುವ ಮಲೇಷ್ಯಾದ ಸಬಾ ರಾಜ್ಯಕ್ಕೆ ಹೋಗಿದ್ದೆವು. ಬೆಂಗಳೂರಿನಿಂದ ಕೌಲಾಲಂಪುರಕ್ಕೆ ನೇರ ವಿಮಾನ, ಅಲ್ಲಿಂದ ಸಂಡಾಕನ್‌ಗೆ ಮೂರು ಗಂಟೆಯ ಒಳಗೆ, ಮುಂದೆ ರಸ್ತೆಯಲ್ಲಿ ಎರಡೂವರೆ ಗಂಟೆ. ಕಿನಬತಂಗನ್ ನದಿಯ ದಡದಲ್ಲಿ ಸುಕಾವ್ ಎಂಬ ಹಳ್ಳಿ. ನದಿಯ ಉದ್ದ 560 ಕಿಲೋಮೀಟರ್. ಅಲ್ಲಿನ ಜನ ತಮ್ಮನ್ನು ಓರಾಂಗ್ ಸುಂಗಾಯ್ ಅನ್ನುತ್ತಾರೆ. ನದಿಯ ಜನ ಅಂತ ಅರ್ಥ.

ದಿನಕ್ಕೆ ಎರಡು ಸಲ ಸಣ್ಣ ದೋಣಿ. ಬೆಳಿಗ್ಗೆ ಆರಕ್ಕೆ, ಸಂಜೆ ನಾಲ್ಕಕ್ಕೆ. ಸಂಜೆಯ ದೋಣಿ ಯಾಕೆ ಅಂದರೆ, ಉದ್ದ ಮೂಗಿನ ಪ್ರೊಬೊಸಿಸ್ ಮಂಗಗಳು ಹಗಲೆಲ್ಲ ಕಾಡಿನೊಳಗೆ ತಿಂದು, ರಾತ್ರಿ ಮಲಗಲು ನದಿಯ ಅಂಚಿನ ಮರಕ್ಕೇ ಬರುತ್ತವೆ. ನೀವು ಹುಡುಕುವುದು ಬೇಡ, ಅವೇ ಬರುತ್ತವೆ. ಗಂಡಿನ ಮೂಗು ಬಾಯಿಯ ಮೇಲೆ ಜೋತಾಡುತ್ತದೆ, ಎಲೆ ಬಾಯಿಗೆ ಹಾಕುವ ಮುಂಚೆ ಕೈಯಿಂದ ಮೂಗು ಪಕ್ಕಕ್ಕೆ ಸರಿಸಿತು ಒಂದು. ಬಾವ ನಕ್ಕು ನಕ್ಕು ದೋಣಿ ಅಲ್ಲಾಡಿತು. ನಾವಿದ್ದದ್ದು ಎರಡು ರಾತ್ರಿ. ಒರಾಂಗುಟಾನ್ ಒಂದು ಸಲ, ಮಂಗಟ್ಟೆ ಹಕ್ಕಿ ಲೆಕ್ಕವಿಲ್ಲದಷ್ಟು, ಮೊಸಳೆ ಮೂರು. ಆನೆ ಸಿಗಲಿಲ್ಲ. ಸುಬ್ರಹ್ಮಣ್ಯದ ಕಡೆಯವನಾದ ಬಾವನಿಗೆ ಅದರ ಬೇಸರ ಏನೂ ಇರಲಿಲ್ಲ. ಅವನ ತೋಟಕ್ಕೆ ಆನೆ ಬಂದು ಹೋಗಿ ಆಗ ಒಂದು ತಿಂಗಳೂ ಆಗಿರಲಿಲ್ಲ.

ಪ್ರಾಣಿ ಇಷ್ಟು ಸುಲಭವಾಗಿ ಕಾಣುವುದಕ್ಕೆ ಇನ್ನೊಂದು ಕಾರಣವೂ ಉಂಟು, ಅದು ಖುಷಿಯದ್ದಲ್ಲ. ಸಂಡಾಕನ್‌ನಿಂದ ಬರುವ ರಸ್ತೆಯ ಎರಡೂ ಕಡೆ ತಾಳೆ ತೋಟ, ಗಂಟೆಗಟ್ಟಲೆ ತಾಳೆ ತೋಟ. ಕಾಡು ಉಳಿದದ್ದು ನದಿಯ ಅಕ್ಕಪಕ್ಕದ ಪಟ್ಟಿಯಲ್ಲಿ. ಪ್ರಾಣಿಗಳಿಗೆ ಬೇರೆ ಹೋಗಲು ಜಾಗ ಇಲ್ಲ. ಉಳಿದ 26,000 ಹೆಕ್ಟೇರನ್ನು 2005ರಲ್ಲಿ ಅಭಯಾರಣ್ಯ ಮಾಡಿದರು. ಆ ತೋಟ ನೋಡುತ್ತ ನನಗೆ ನಮ್ಮ ಬೈಕಂಪಾಡಿಯ ಎಣ್ಣೆ ಟ್ಯಾಂಕುಗಳು ನೆನಪಾದವು. ಪಣಂಬೂರಿಗೆ ಹಡಗಿನಲ್ಲಿ ಬರುವುದು ತಾಳೆ ಎಣ್ಣೆಯೇ ತಾನೇ? ಗೋಳಿಬಜೆಯ ಬಾಣಲೆಗೆ ಅದರ ಕಥೆ ಯಾರೂ ಹೇಳುವುದಿಲ್ಲ.

ಸುಕಾವ್‌ನಲ್ಲಿ ಲಾಡ್ಜ್ ಜಾಸ್ತಿ. ಮನೆಯಲ್ಲೇ ಉಳಿಯಬೇಕು ಅನ್ನುವವರು ಅದೇ ನದಿಯ ಮೇಲಿನ ಬಾಟು ಪುತೆ ಹಳ್ಳಿಗೆ ಹೋಗಬಹುದು. ಊರಿನವರದ್ದೇ ಸಹಕಾರಿ ಸಂಘ, ಅವರ ಮನೆಗಳಲ್ಲೇ ಊಟ, ಚಾಪೆ. ನಾವು ಒಂದು ದಿನ ಅಲ್ಲಿಗೂ ಹೋಗಿದ್ದೆವು. ಮನೆಯ ಅಮ್ಮ ನನ್ನ ಹೆಂಡತಿಯನ್ನು ಸೀದಾ ಅಡುಗೆಮನೆಗೆ ಕರೆದುಕೊಂಡು ಹೋದರು. ಮಾತು ಬರುವುದಿಲ್ಲ. ತೆಂಗಿನಕಾಯಿ ತುರಿಯುವ ಹೊತ್ತಿಗೆ ಇಬ್ಬರಿಗೂ ಮಾತು ಬೇಕಾಗಲೂ ಇಲ್ಲ.

ಇಂಬಳ ಉಂಟು, ಕಾಡಿಗೆ ಇಳಿದರೆ ಮಂಡಿಯ ತನಕ ಬರುವ ಬಟ್ಟೆಯ ಕಾಲುಚೀಲ ಹಾಕಿಕೊಳ್ಳಿ. ನವೆಂಬರ್‌ನಿಂದ ಮಾರ್ಚ್ ಮಳೆ ಜೋರು, ಏಪ್ರಿಲ್‌ನಿಂದ ಅಕ್ಟೋಬರ್ ಒಳ್ಳೆಯದು.

ಕಾಗದ, ಸೂಜಿ

ಪುಸ್ತಿಕೆಯಲ್ಲಿ ಸಣ್ಣ ಅಕ್ಷರದಲ್ಲಿ ಇರುವುದು ಇದು. ಮಾಮ ಹೋಗಿದ್ದ ಏಜೆಂಟ್ "ವೀಸಾ ಎಲ್ಲ ಆಗ್ತದೆ ಸರ್" ಅಂದಿದ್ದನಂತೆ. ಬ್ರೆಜಿಲ್‌ಗೆ ನಮಗೆ ವೀಸಾ ಬೇಕು. ಹಡಗು ಅಮೆರಿಕದ ಫ್ಲಾರಿಡಾದಿಂದ ಹೊರಡುವುದಾದರೆ ಅಲ್ಲಿನದ್ದೂ ಬೇಕು. ನಡುವೆ ನಿಲ್ಲುವ ದ್ವೀಪಗಳ ನಿಯಮ ಬೇರೆ ಬೇರೆ. ಅಮೆರಿಕದ ವೀಸಾ ಸಂದರ್ಶನಕ್ಕೆ ತಾರೀಕು ಸಿಗುವ ತನಕ ಮುಂಗಡ ಕಟ್ಟಬೇಡಿ.

ಸೊಳ್ಳೆಯಿಂದ ಬರುವ ಹಳದಿ ಜ್ವರದ (ಯೆಲ್ಲೊ ಫೀವರ್) ಸೂಜಿ ಇನ್ನೂ ಮುಖ್ಯ. ಬ್ರೆಜಿಲ್, ಪೆರು ಎರಡೂ ಹಳದಿ ಜ್ವರದ ಪಟ್ಟಿಯಲ್ಲಿರುವ ದೇಶಗಳು. ಅಲ್ಲಿಂದ ಹೊರಟು ಆರು ದಿನದೊಳಗೆ ಭಾರತಕ್ಕೆ ಬಂದಾಗ ಸೂಜಿ ಹಾಕಿಸಿದ್ದಕ್ಕೆ ಕೊಡುವ ಹಳದಿ ಕಾರ್ಡ್ ಇಲ್ಲದಿದ್ದರೆ ಆರು ದಿನದ ತನಕ ಪ್ರತ್ಯೇಕವಾಗಿ ಇಡಬಹುದು. ಹಡಗಿನ ಕೆಲಸದವರಿಗೆಲ್ಲ ಇದು ಬಾಯಿಪಾಠ. ಸರ್ಕಾರ ಗುರುತಿಸಿದ ಕೇಂದ್ರದಲ್ಲೇ ಹಾಕಿಸಬೇಕು, ಹೊರಡುವುದಕ್ಕೆ ಕನಿಷ್ಠ ಹತ್ತು ದಿನ ಮುಂಚೆ. 2016ರಿಂದ ಒಂದು ಸಲ ಹಾಕಿಸಿದರೆ ಜೀವನಪೂರ್ತಿ ಸಾಕು. ಆದರೆ ಅರವತ್ತು ದಾಟಿದವರಿಗೆ ಈ ಲಸಿಕೆಯಿಂದ ತೊಂದರೆ ಆಗುವ ಸಾಧ್ಯತೆ ಸ್ವಲ್ಪ ಜಾಸ್ತಿ. ನಿಮ್ಮ ಡಾಕ್ಟರನ್ನು ಕೇಳದೆ ಹಾಕಿಸಿಕೊಳ್ಳಬಾರದು. ಮಲೇರಿಯಾ ಮಾತ್ರೆ ಬೇಕಾ ಅಂತಲೂ ಆಗಲೇ ಕೇಳಿ.

ಮಲೇಷ್ಯಾಕ್ಕೆ ವೀಸಾ, ಹಳದಿ ಜ್ವರದ ಸೂಜಿ ಎರಡರ ಗೋಜೂ ಇಲ್ಲ. 2023ರ ಡಿಸೆಂಬರ್‌ನಿಂದ ನಮಗೆ 30 ದಿನ ವೀಸಾ ಬೇಡ, 2026ರ ಕೊನೆಯ ತನಕ ಮುಂದುವರಿಸಿದ್ದಾರೆ. ಅಲ್ಲಿ ಮುಟ್ಟುವುದಕ್ಕೆ ಮುಂಚಿನ ಮೂರು ದಿನದೊಳಗೆ ಆನ್‌ಲೈನ್‌ನಲ್ಲಿ ಒಂದು ಕಾರ್ಡ್ ತುಂಬಿದರೆ ಆಯಿತು. ಭಾರತದಿಂದ ಸೀದಾ ಹೋದರೆ ಹಳದಿ ಜ್ವರದ ಕಾರ್ಡ್ ಕೇಳುವುದಿಲ್ಲ. ಸಬಾದಲ್ಲಿ ಇಳಿದಾಗ ಮತ್ತೊಮ್ಮೆ ಪಾಸ್‌ಪೋರ್ಟ್ ನೋಡುತ್ತಾರೆ, ಗಾಬರಿ ಬೇಡ. ಆ ರಾಜ್ಯಕ್ಕೆ ಅದರದ್ದೇ ವಲಸೆ ನಿಯಮ.

ಮಾಮ ಏನು ಮಾಡಿದರು

ಇಷ್ಟು ಹೊತ್ತಿಗೆ ಮಾಮಿ ಚಹಾ ತಂದರು. ಮಾಮನಿಗೆ ಅರವತ್ತೇಳು. ಬಿಪಿ ಉಂಟು. ಸೂಜಿಯ ಮಾತಿಗೆ ಅವರ ಮುಖ ಸಣ್ಣದಾಯಿತು.

ನಾನು ಒಂದು ಸಂಗತಿ ಹೇಳಿದೆ. ಎರಡು ವರ್ಷದ ಹಿಂದೆ ಹಡಗಿನಿಂದ ಬಂದ ಒಬ್ಬರು ಅಜ್ಜಿಯನ್ನು ಮೂಡುಬಿದಿರೆಯ ಸಾವಿರ ಕಂಬದ ಬಸದಿಗೆ ಕರೆದೊಯ್ಯುತ್ತಿದ್ದೆ. ಗುರುಪುರ ದಾಟಿದ ಮೇಲೆ ನಮ್ಮ ದೊಡ್ಡಮ್ಮನ ಮನೆ. ಒಂದು ಚೀಲ ಕೊಡುವುದಿತ್ತು, ಎರಡು ನಿಮಿಷ ಅಂತ ನಿಲ್ಲಿಸಿದೆ. ಅಂಗಳದ ತುಂಬ ಅಡಿಕೆ ಒಣಗಲು ಹಾಕಿದ್ದರು. ಅಜ್ಜಿ ಇಳಿದವರು ಏಳಲೇ ಇಲ್ಲ. ದೊಡ್ಡಮ್ಮನ ಪಕ್ಕ ಕೂತು ಮುಕ್ಕಾಲು ಗಂಟೆ ಅಡಿಕೆ ಸುಲಿಯುವುದು ನೋಡಿದರು, ತಾನೂ ನಾಲ್ಕು ಸುಲಿದರು, ಎಳನೀರು ಕುಡಿದರು. ಬಸದಿಗೆ ಹೊತ್ತೇ ಉಳಿಯಲಿಲ್ಲ. ಹಡಗಿನ ಹತ್ತಿರ ಇಳಿಸುವಾಗ ಬೈಯುತ್ತಾರೇನೋ ಅಂತಿದ್ದೆ. ಬರುವ ವರ್ಷವೂ ಅಲ್ಲಿಗೇ ಹೋಗಬೇಕು ಅಂದರು. ದೊಡ್ಡಮ್ಮ ಸಂಜೆ ಫೋನ್ ಮಾಡಿ ಕೇಳಿದ್ದು ಇಷ್ಟೇ: "ಅವರು ಎಂತ ನೋಡ್ಲಿಕ್ಕೆ ಬಂದದ್ದು ಮಗಾ?"

ಮಾಮ ಪುಸ್ತಿಕೆ ಮಡಚಿ ಜೇಬಿಗೆ ಹಾಕಿಕೊಂಡರು. ಬೋರ್ನಿಯೊದ ಆ ಮನೆಗಳಲ್ಲಿ ಎರಡು ರಾತ್ರಿ, ಸುಕಾವ್‌ನಲ್ಲಿ ಎರಡು ರಾತ್ರಿ, ಅಷ್ಟೇ ಸಾಕು ಅಂದರು. ಮಗನಿಗೆ ಮಾತ್ರ ಜೋಲಿ ಕಟ್ಟುವ ದೋಣಿಯ ವಿಷಯ ಹೇಳಬೇಡ, ಅವನು ಕೆಲಸ ಬಿಟ್ಟು ಹೊರಟಾನು ಅಂತ ಎಚ್ಚರಿಕೆ ಬೇರೆ. ಗೇಟಿನ ತನಕ ಹೋದವರು ತಿರುಗಿ ನಿಂತರು.

"ಅಲ್ಲಿ ಕುಚ್ಚಲಕ್ಕಿ ಸಿಗ್ತದಾ ಮಾರಾಯ?"

"ಇಲ್ಲ ಮಾಮ. ಬೆಳ್ತಿಗೆಯೇ."

"ಹಾಗಾದ್ರೆ ಎರಡು ಕಿಲೋ ಕಟ್ಟಿಕೊಳ್ಳುವ," ಅಂದರು ಮಾಮಿ ಒಳಗಿನಿಂದಲೇ.